ಬಾಯಿ ಬಿಗಿದಾಗ

ಡಿಮೆನ್ಷಿಯಾ ಕೊನೆಯ ಹಂತಕ್ಕೆ ಬಂದ ಮನೆಗಳಲ್ಲಿ ಊಟದ ಹೊತ್ತಿಗಿಂತ ಕಷ್ಟದ ಹೊತ್ತಿಲ್ಲ. ನುಣ್ಣಗೆ ಕಿವುಚಿದ ಮೊಸರನ್ನದ ಚಮಚ ತುಟಿಗೆ ತಾಗುತ್ತಲೇ ಅಜ್ಜಿ ಮುಖ ತಿರುಗಿಸುತ್ತಾರೆ. ತುತ್ತು ಒಳಗೆ ಹೋದರೂ ದವಡೆಯಲ್ಲೇ ಉಳಿಯುತ್ತದೆ. ನೋಡಲು ಬಂದ ನೆಂಟರು, “ಎಷ್ಟು ಇಳಿದುಹೋಗಿದ್ದಾರೆ, ಸರಿಯಾಗಿ ಊಟ ಹಾಕ್ತಿಲ್ವೇನಮ್ಮಾ?” ಎಂದು ಕೇಳಿ ಹೊರಟುಬಿಡುತ್ತಾರೆ. ಹಗಲೂ ರಾತ್ರಿ ಮೈ ಒರೆಸಿ, ಬಟ್ಟೆ ಬದಲಿಸಿ, ಮಗ್ಗುಲು ತಿರುಗಿಸುವ ಮಗಳಿಗೆ ಆ ಮಾತು ಎದೆಗೆ ನಾಟುತ್ತದೆ. ಸ್ವಲ್ಪ ದಿನಕ್ಕೇ ಅಜ್ಜಿಯ ಮೂಗಿಗೆ ಆಹಾರ ಉಣಿಸುವ ಪೈಪು ಬರುತ್ತದೆ.

ಈ ಹಂತದಲ್ಲಿ ಪೈಪಿನಿಂದ ಆಯುಸ್ಸು ಹೆಚ್ಚುತ್ತದೆ ಎನ್ನಲು ಪುರಾವೆಯಿಲ್ಲ. ನ್ಯುಮೋನಿಯಾವೂ ತಪ್ಪುವುದಿಲ್ಲ. ಪೈಪನ್ನು ಕಿತ್ತುಕೊಳ್ಳದಿರಲೆಂದು ಎಷ್ಟೋ ಕಡೆ ಕೈಗಳನ್ನೇ ಕಟ್ಟುತ್ತಾರೆ. ಅಮೆರಿಕದ ವೃದ್ಧರೋಗ ತಜ್ಞರ ಸಂಘ 2014ರಲ್ಲೇ ಪೈಪು ಬೇಡ, ಕೈಯಾರೆ ಜೋಪಾನವಾಗಿ ಉಣಿಸಿ ಎಂದಿತು. ಬೆನ್ನು ನೇರ ಮಾಡಿ ಕೂರಿಸಿ, ನುಂಗಿದ್ದು ಖಾತ್ರಿಯಾದ ಮೇಲೆ ಇನ್ನೊಂದು ಚಮಚ. ಬೇಡವೆಂದರೆ ಅಲ್ಲಿಗೇ ನಿಲ್ಲಿಸಿ, ತುಟಿ ಒದ್ದೆ ಮಾಡಿದರಾಯಿತು. ಅದೂ ಚಿಕಿತ್ಸೆಯೇ. ಆದರೆ ಬಾಯಿ ಬಿಗಿಯುವುದಕ್ಕೆ ಹಲ್ಲುನೋವು, ನಾಲಿಗೆಯ ಹುಣ್ಣು, ಮಲಬದ್ಧತೆಯೂ ಕಾರಣವಿರಬಹುದು. ನೋವನ್ನು ಹೇಳಿಕೊಳ್ಳಲಾಗದವರ ಹುಬ್ಬು, ಉಸಿರು, ನರಳಿಕೆ ನೋಡಿಯೇ ತಿಳಿಯಬೇಕು. ಹಠವೆಂದು ನಿದ್ದೆಮಾತ್ರೆ ಕೊಡುವುದು ಅನ್ಯಾಯ.

ಇದನ್ನೆಲ್ಲ ಮನೆಗೇ ಬಂದು ಕಲಿಸಿಕೊಡುವುದು, ‘ಇದು ಕಾಯಿಲೆಯ ದಾರಿ, ನಿಮ್ಮ ತಪ್ಪಲ್ಲ’ ಎಂದು ಆ ಮಗಳಿಗೆ ಧೈರ್ಯ ಹೇಳುವುದು ಉಪಶಾಮಕ ಆರೈಕೆಯ (ಪ್ಯಾಲಿಯೇಟಿವ್ ಕೇರ್) ಕೆಲಸ. ನಮ್ಮಲ್ಲಿ ಅದು ಕ್ಯಾನ್ಸರ್‌ಗೆ ಮಾತ್ರ ಎಂಬ ನಂಬಿಕೆ ಗಟ್ಟಿಯಾಗಿದೆ. ಆದರೆ ದೇಶದಲ್ಲಿ ಡಿಮೆನ್ಷಿಯಾ ಇರುವ ಹಿರಿಯರೇ ಸುಮಾರು 88 ಲಕ್ಷ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಪಕ್ಕದ ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ ಸರ್ಕಾರಿ ನೀತಿ ರೂಪಿಸಿ ಮನೆಮನೆಗೆ ನರ್ಸ್‌ಗಳನ್ನು ಕಳಿಸಿತು. ನಮ್ಮ ಆಶಾ ಕಾರ್ಯಕರ್ತೆಯರಿಗೂ ದಾದಿಯರಿಗೂ ಈ ತರಬೇತಿ ಕೊಡಲೇಬೇಕು.

ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಜಾರಿಗೊಳಿಸುವ ಆದೇಶವನ್ನು ಕರ್ನಾಟಕ 2025ರ ಜನವರಿಯಲ್ಲಿ ಹೊರಡಿಸಿದೆ. ಅದರಂತೆ, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಎಂಬುದನ್ನು ಮುಂಚೆಯೇ ಬರೆದಿಡಬಹುದು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ಆದರೆ ಬರೆಯುವವರ ಬುದ್ಧಿ ಸ್ವಾಧೀನದಲ್ಲಿರಬೇಕು. ಹಾಗಾಗಿ ಕಾಯಿಲೆ ಪತ್ತೆಯಾದ ಹೊಸತರಲ್ಲೇ, ಅಜ್ಜಿ ಇನ್ನೂ ಮಾತಾಡುತ್ತಿರುವಾಗಲೇ, ಪೈಪು ಬೇಕೇ, ಐಸಿಯು ಬೇಕೇ ಎಂದು ಅವರನ್ನೇ ಕೇಳಿ.