ಬಿಟ್ಟು ನೋಡಿದರೆ ತಿಳಿಯುತ್ತದೆಯೇ?

ಅಫಜಲಪುರದ ಕಡೆ ಗುಳಗಿಯ ಬಗ್ಗೆ ಎರಡು ಮಾತು ಎಲ್ಲಿ ಕುಂತರೂ ಕಿವಿಗೆ ಬೀಳುತ್ತವೆ. "ಗ್ಯಾಸಿನ ಗುಳಗಿ ಬಿಟ್ರ ಎದಿ ಉರಿತದರಿ, ಅದು ಬೇಕೇ ಬೇಕು" ಎಂಬುದು ಒಂದು. "ಬಿಪಿ ಗುಳಗಿ ಎರಡ ತಿಂಗಳ ಬಿಟ್ಟಿದ್ದೆ, ಏನೂ ಆಗ್ಲಿಲ್ಲ, ಸುಮ್ನ ರೊಕ್ಕ ದಂಡ" ಎಂಬುದು ಇನ್ನೊಂದು. ಎರಡನ್ನೂ ಒಬ್ಬರೇ ಹೇಳಿದರೂ ಆಶ್ಚರ್ಯವಿಲ್ಲ. ಹೇಳುವವರು ಪೆದ್ದರೂ ಅಲ್ಲ. ತಮ್ಮ ಮೈಮೇಲೆಯೇ ಪ್ರಯೋಗ ಮಾಡಿ, ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದಾರೆ. ಆದರೂ ಎರಡು ತೀರ್ಮಾನಗಳೂ ತಪ್ಪಾಗಿರಬಹುದು, ಅದೂ ಒಂದಕ್ಕೊಂದು ತದ್ವಿರುದ್ಧವಾಗಿ. ಬೇಡದ ಗುಳಗಿ ಬೇಕೆನ್ನಿಸುತ್ತಿದೆ, ಬೇಕಾದದ್ದು ಬೇಡವೆನ್ನಿಸುತ್ತಿದೆ.

ಅವರು ಬಳಸಿದ ದಾರಿಗೆ ನಮ್ಮ ತರ್ಕಶಾಸ್ತ್ರದಲ್ಲಿ ಹಳೆಯ ಮನ್ನಣೆಯಿದೆ. ಅನ್ವಯ-ವ್ಯತಿರೇಕ: ಒಂದಿದ್ದಾಗ ಇನ್ನೊಂದು ಇರುತ್ತದೆ, ಅದಿಲ್ಲದಾಗ ಇದೂ ಇರುವುದಿಲ್ಲ, ಆದ್ದರಿಂದ ಅದೇ ಇದಕ್ಕೆ ಕಾರಣ. ಔಷಧಿ ಹೊಡೆದ ತೊಗರಿ ಸಾಲಿನಲ್ಲಿ ಕೀಡಿ ಇಲ್ಲ, ಹೊಡೆಯದ ಸಾಲಿನಲ್ಲಿ ಇದೆ ಎಂದರೆ ಭೀಮಾ ತೀರದ ಯಾವ ರೈತನೂ ಬೇರೆ ಸಾಕ್ಷಿ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ. ಹೊಲದಲ್ಲಿ ನಿಲ್ಲುವ ಈ ತರ್ಕ ಮೈಯೊಳಗೆ ಯಾಕೆ ಕೈಕೊಡುತ್ತದೆ ಎಂಬುದೇ ನನ್ನ ಪ್ರಶ್ನೆ.

ಗ್ಯಾಸಿನ ಗುಳಗಿಯನ್ನೇ ನೋಡೋಣ. ಒಮಿಪ್ರಜೋಲ್ ಮೊದಲು ಮಾರುಕಟ್ಟೆಗೆ ಬಂದದ್ದು 1988ರಲ್ಲಿ. ಇವತ್ತು ಪೇಟೆಯಲ್ಲಿ ಹೆಚ್ಚು ಓಡುವ ಪ್ಯಾಂಟೊಪ್ರಜೋಲ್ ಅದರ ತಮ್ಮ. ಇವನ್ನು ಹಗುರವಾಗಿ ಕಾಣಬಾರದು. ಹುಣ್ಣಾಗಿ ರಕ್ತ ಕಾರುವ ಹೊಟ್ಟೆಗೆ ಇವು ಜೀವ ಉಳಿಸುವ ಮದ್ದು. ಆದರೆ ಸಾಮಾನ್ಯ ಎದೆಯುರಿಗೆ ವೈದ್ಯಶಾಸ್ತ್ರ ಹೇಳುವುದು ನಾಲ್ಕರಿಂದ ಎಂಟು ವಾರ. ವರ್ಷಗಟ್ಟಲೆ ತಿಂದಾಗ ಏನಾಗುತ್ತದೆ? ಆಮ್ಲ ಕಡಿಮೆಯಾದದ್ದು ಹೊಟ್ಟೆಗೆ ಗೊತ್ತಾಗುತ್ತದೆ. ಅದು ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ, ಆಮ್ಲ ಸುರಿಸಲು ಪ್ರಚೋದಿಸುವ ಜೀವಕೋಶಗಳು ಬೆಳೆಯುತ್ತವೆ. ರಸ್ತೆ ಬಂದ್ ಆಗಿ ಕಬ್ಬು ಬರದಿದ್ದಾಗ, ಕಡಿಯುವವರೇ ಸಾಲದಾಗಿದ್ದಾರೆಂದು ಸಕ್ಕರೆ ಕಾರ್ಖಾನೆಯವರು ಇನ್ನಷ್ಟು ಗ್ಯಾಂಗ್ ಕರೆಸಿದ ಹಾಗೆ. ರಸ್ತೆ ತೆರೆದ ದಿನ ಗೇಟಿನ ಮುಂದೆ ಗಾಡಿಗಳ ಸಾಲೇ ಸಾಲು. ಗುಳಗಿ ನಿಲ್ಲಿಸಿದ ವಾರ ಹೊಟ್ಟೆಯಲ್ಲಿ ಆಗುವುದೂ ಅದೇ. ಆ ಉರಿ ಹಳೆಯ ರೋಗದ್ದೇ ಆಗಿರಬೇಕಿಲ್ಲ, ಗುಳಗಿಯೇ ಹುಟ್ಟಿಸಿದ್ದಿರಬಹುದು.

ಡೆನ್ಮಾರ್ಕಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸಿತು. ಎದೆಯುರಿಯೇ ಇಲ್ಲದ 120 ಆರೋಗ್ಯವಂತರು. ಅರ್ಧದಷ್ಟು ಜನರಿಗೆ ಎಂಟು ವಾರ ಇದೇ ಜಾತಿಯ ಗುಳಗಿ, ನಂತರ ನಾಲ್ಕು ವಾರ ಹುಸಿ ಗುಳಗಿ. ಉಳಿದವರಿಗೆ ಹನ್ನೆರಡೂ ವಾರ ಹುಸಿ ಗುಳಗಿ. ಕೊನೆಯ ನಾಲ್ಕು ವಾರಗಳಲ್ಲಿ ನಿಜದ ಗುಳಗಿ ತಿಂದು ಬಿಟ್ಟವರಲ್ಲಿ ಶೇ. 44 ಮಂದಿಗೆ ಆಮ್ಲದ ತೊಂದರೆ ಕಂಡಿತು. ಇನ್ನೊಂದು ಗುಂಪಿನಲ್ಲಿ ಶೇ. 15. ರೋಗವಿಲ್ಲದವರಿಗೆ ರೋಗದ ಲಕ್ಷಣ ಬಂದದ್ದು ಮದ್ದು ನಿಲ್ಲಿಸಿದ್ದರಿಂದ. ಇವರನ್ನು ಆ ವಾರ ಮೆಡಿಕಲ್ ಅಂಗಡಿಯ ಮುಂದೆ ನಿಲ್ಲಿಸಿದ್ದರೆ ಅವರೂ "ಬಿಟ್ರ ಉರಿತದರಿ" ಎಂದೇ ಹೇಳುತ್ತಿದ್ದರು.

ಬಿಪಿಯದು ಇದರ ಉಲ್ಟಾ. ಅಲ್ಲಿ ಬಿಟ್ಟರೆ ಏನೂ ಕಾಣುವುದಿಲ್ಲ. ಕಾಣದಿರುವುದೇ ಆ ರೋಗದ ಸ್ವಭಾವ; ಕಂಡಾಗ ಅದು ಲಕ್ವಾ ಆಗಿ ಕಾಣುತ್ತದೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೈಸ್ ಎಂಬ ವೈದ್ಯರ ಮುಂದಾಳತ್ವದಲ್ಲಿ ನಡೆದ ಅಧ್ಯಯನದ ಫಲಿತಾಂಶ 1967ರಲ್ಲಿ ಹೊರಬಂತು. ಒತ್ತಡ ತೀರಾ ಏರಿದ್ದ 143 ಗಂಡಸರಲ್ಲಿ 73 ಮಂದಿಗೆ ನಿಜದ ಗುಳಗಿ, 70 ಮಂದಿಗೆ ಹುಸಿ. ಹುಸಿ ಗುಳಗಿಯವರಲ್ಲಿ 27 ಮಂದಿ ಸಾವು, ಪಾರ್ಶ್ವವಾಯು ಇಂಥ ಗಂಡಾಂತರಕ್ಕೆ ಸಿಕ್ಕರು. ಗುಳಗಿ ತಿಂದವರಲ್ಲಿ ಹಾಗಾದದ್ದು ಇಬ್ಬರಿಗೆ. ಗುಳಗಿ ತಿಂದ ಆ 73 ಜನರಲ್ಲಿ ಯಾರನ್ನು ಅದು ಉಳಿಸಿತು ಎಂದು ಬೆರಳಿಟ್ಟು ತೋರಿಸಲು ಬಾರದು. ಉಳಿದವನಿಗೂ ತಾನು ಉಳಿದೆನೆಂದು ಗೊತ್ತಿಲ್ಲ. ಒಬ್ಬನ ಅನುಭವಕ್ಕೆ ದಕ್ಕದ ಈ ಸತ್ಯ ಎರಡು ಗುಂಪುಗಳನ್ನು ಎಣಿಸಿದಾಗ ಮಾತ್ರ ಸಿಕ್ಕಿತು.

ಹಾಗಾದರೆ ಅನುಭವವನ್ನು ಬದಿಗಿಟ್ಟು ಡಾಕ್ಟರ್ ಹೇಳಿದ್ದನ್ನು ನುಂಗಬೇಕೇ? ನನಗೆ ಹಾಗೆ ಅನ್ನಿಸುವುದಿಲ್ಲ. ಗುಳಗಿ ಶುರು ಮಾಡುವಾಗ ಡಾಕ್ಟರ್ ಒಂದು ಕಾರಣ ಇಟ್ಟುಕೊಂಡು ಬರೆಯುತ್ತಾರೆ. ಮುಂದುವರಿಸುವಾಗ ಹಲವು ಸಲ ಯಾರೂ ಏನನ್ನೂ ನಿರ್ಧರಿಸಿರುವುದಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಸಿಎಸ್‌ಟಿ ಎಂಬ ಮೂರಕ್ಷರ ಸಾಕು: ಕಂಟಿನ್ಯೂ ಸೇಮ್ ಟ್ರೀಟ್‌ಮೆಂಟ್. ಸಣ್ಣ ಊರಿನಲ್ಲಿ ಅದೂ ಬೇಡ. ಎಂಟು ಮಡಿಕೆಯಾಗಿ ಅಂಚು ಸವೆದ ಚೀಟಿ ಸಾಕು. ಚೀಟಿ ಕಳೆದಿದ್ದರೆ ಖಾಲಿ ಪಟ್ಟಿ ಸಾಕು. ಅದೂ ಕತ್ತರಿಯಲ್ಲಿ ಕತ್ತರಿಸಿದ ತುಂಡು: ನಾಲ್ಕು ಗುಳಗಿ, ಹಿಂದೆ ಕೆಂಪು ಗೆರೆ, ಹೆಸರಿನ ಅರ್ಧ ಭಾಗ. ವೈದ್ಯರ ಚೀಟಿಯಿಲ್ಲದೆ ಮಾರಬಾರದು ಎಂದು ಸಾರುವ ಆ ಕೆಂಪು ಗೆರೆಯನ್ನೇ ಅಂಗಡಿಯವನಿಗೆ ಗುರುತಿಗಾಗಿ ತೋರಿಸಲಾಗುತ್ತದೆ.

ಗಡಿ ತಾಲೂಕು ಎಂಬುದು ಇದಕ್ಕೆ ಇನ್ನೊಂದು ಗಂಟು. ಮಂಡಿಗೆ ಸೊಲ್ಲಾಪುರ, ಎದೆಗೆ ಕಲಬುರಗಿ, ಜ್ವರಕ್ಕೆ ಊರಿನ ದವಾಖಾನಿ. ಸೊಲ್ಲಾಪುರದವರು ನೋವಿನ ಗುಳಗಿ ಬರೆದು, ಹೊಟ್ಟೆ ಕೆಡಬಾರದೆಂದು ಜೊತೆಗೆ ಗ್ಯಾಸಿನದನ್ನೂ ಬರೆಯುತ್ತಾರೆ, ಅದು ಸರಿಯೇ. ನೋವಿನ ಗುಳಗಿ ತಿಂಗಳಿಗೆ ಮುಗಿಯುತ್ತದೆ. ಅದರ ಕಾವಲಿಗೆ ಬಂದದ್ದು ಮಾತ್ರ ಮನೆಯಲ್ಲೇ ಉಳಿದುಬಿಡುತ್ತದೆ. ಕೆಲವೊಮ್ಮೆ ಇದಕ್ಕಿಂತ ಕೆಟ್ಟದ್ದೂ ಆಗುತ್ತದೆ. ಕಲಬುರಗಿಯ ಚೀಟಿಯಲ್ಲಿ ಟೆಲ್ಮಿಸಾರ್ಟನ್ ಜೊತೆ ಮೂತ್ರ ಹೆಚ್ಚಿಸುವ ಗುಳಗಿ ಇರುತ್ತದೆ, ಅದರ ಮೇಲೆ ಡೈಕ್ಲೋಫೆನಾಕ್ ಬೀಳುತ್ತದೆ. ಈ ಮೂರು ಕೂಡಿದರೆ ಮೂತ್ರಪಿಂಡಕ್ಕೆ ಪೆಟ್ಟೆಂಬುದು ಪಠ್ಯಪುಸ್ತಕದ ಮಾತು. ಮೈಯಲ್ಲಿ ನೀರು ಬತ್ತುವ ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಇನ್ನೂ ಹೆಚ್ಚು. ಮೂರೂ ಚೀಟಿಗಳನ್ನು ಒಟ್ಟಿಗೆ ಕಂಡವರು ರೋಗಿಯ ಕ್ಯಾರಿಬ್ಯಾಗ್ ಬಿಟ್ಟರೆ ಯಾರೂ ಇಲ್ಲ.

ಇಲ್ಲಿ ಭಯ ಹುಟ್ಟಿಸುವುದು ಸುಲಭ. ಗ್ಯಾಸಿನ ಗುಳಗಿಯಿಂದ ಕಿಡ್ನಿ ಹೋಗುತ್ತದೆ, ಮರೆವು ಬರುತ್ತದೆ, ಎಲುಬು ಮುರಿಯುತ್ತದೆ ಎಂಬ ವಾಟ್ಸಾಪ್ ಸಂದೇಶಗಳಿಗೆ ಬರವಿಲ್ಲ. ಆದರೆ 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ 17,598 ಜನರನ್ನು ಸುಮಾರು ಮೂರು ವರ್ಷ ಗಮನಿಸಿದರೂ, ಪ್ಯಾಂಟೊಪ್ರಜೋಲ್ ತಿಂದವರಿಗೂ ಹುಸಿ ಗುಳಗಿ ತಿಂದವರಿಗೂ ಕರುಳಿನ ಸೋಂಕು ಸ್ವಲ್ಪ ಹೆಚ್ಚಿದ್ದು ಬಿಟ್ಟರೆ ವ್ಯತ್ಯಾಸ ಕಾಣಲಿಲ್ಲ. ಮೂರು ವರ್ಷದ ಲೆಕ್ಕ ಮೂವತ್ತು ವರ್ಷಕ್ಕೆ ಸಾಲದು, ನಿಜ. ಆದರೂ ಅಮೆರಿಕದ ಜಠರ-ಕರುಳು ತಜ್ಞರ ಸಂಘ 2022ರಲ್ಲಿ ಕೊಟ್ಟ ಸಲಹೆ ನನಗೆ ಒಪ್ಪಿಗೆ: ಅಡ್ಡಪರಿಣಾಮದ ಅಂಜಿಕೆಗೆ ನಿಲ್ಲಿಸಬೇಡಿ, ತಿನ್ನಲು ಕಾರಣ ಉಳಿದಿಲ್ಲ ಎಂದಾದರೆ ನಿಲ್ಲಿಸಿ. ನಿಲ್ಲಿಸಿದ ಮೇಲೆ ಕೆಲವು ದಿನ ಉರಿ ಬರಬಹುದೆಂದು ಮೊದಲೇ ತಿಳಿಸಿ ಎಂದೂ ಅದು ಹೇಳುತ್ತದೆ. ಆ ಒಂದು ಮಾತು ತಿಳಿದಿದ್ದರೆ ಉರಿ ಬಂದಾಗ ಅದರ ಅರ್ಥವೇ ಬದಲಾಗುತ್ತದೆ.

ಜೀವಮಾನದ ಗುಳಗಿ ಎಂಬುದೇ ಕಂಪನಿಗಳ ಹುನ್ನಾರ ಎನ್ನುವವರ ಜೊತೆಗೂ ನಾನಿಲ್ಲ. ವಾಸಿಯಾಗದಿದ್ದರೂ ಚಿಕಿತ್ಸೆ ನಡೆಯುವವರೆಗೆ ಮನುಷ್ಯನನ್ನು ಕಾಪಾಡಬಹುದಾದ ರೋಗಗಳನ್ನು ಚರಕ ಸಂಹಿತೆ ಯಾಪ್ಯ ಎಂದು ಬೇರೆಯೇ ಎಣಿಸಿದೆ. ಬಿಪಿ, ಶುಗರ್ ಇವತ್ತಿನ ಯಾಪ್ಯಗಳು. ಆದರೆ ಆ ವರ್ಗಕ್ಕೆ ಸೇರಿಸುವ ಮೊದಲು ವೈದ್ಯ ಪರೀಕ್ಷಿಸಿ ತೀರ್ಮಾನಿಸಬೇಕಿತ್ತು. ಎದೆಯುರಿಯನ್ನು ಯಾರೂ ತೀರ್ಮಾನಿಸದೆಯೇ ನಾವು ಅಲ್ಲಿಗೆ ತಳ್ಳಿದ್ದೇವೆ. ಇದರ ನಡುವೆ ಮೂರನೆಯ ಬಗೆಯೂ ಇದೆ: ಬಹಳ ದಿನ ತಿಂದ ಸ್ಟಿರಾಯ್ಡ್, ಫಿಟ್ಸಿನ ಗುಳಗಿ, ನಿದ್ದೆಯ ಗುಳಗಿ, ಹೃದಯಕ್ಕೆ ಕೊಡುವ ಕೆಲವು. ಇವನ್ನು ದಿಢೀರನೆ ಬಿಟ್ಟರೆ ಬಿಟ್ಟದ್ದೇ ಅಪಾಯ. ಬಿಟ್ಟು ನೋಡುವ ಹವ್ಯಾಸಕ್ಕೆ ಇಲ್ಲಿ ಜಾಗವೇ ಇಲ್ಲ.

ಪ್ರತಿ ಗುಳಗಿಯ ಮುಂದೆ ಯಾತಕ್ಕೆ, ಎಲ್ಲಿಯವರೆಗೆ ಎಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆಯಬೇಕೆಂಬುದು ನನ್ನ ಬೇಡಿಕೆ. ಹೊರಗೆ ರೋಗಿಗಳ ಸಾಲು ನಿಂತಿರುವಾಗ ಇದಕ್ಕೆ ಹೊತ್ತೆಲ್ಲಿ ಎಂದು ತಾಲೂಕಿನ ಡಾಕ್ಟರ್ ಕೇಳಿದರೆ ಆ ಪ್ರಶ್ನೆಯೂ ನ್ಯಾಯವಾದದ್ದೇ. ಹಳ್ಳಿಯ ಉಪಕೇಂದ್ರದಲ್ಲಿ, ಈಗಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ, ಸಮುದಾಯ ಆರೋಗ್ಯ ಅಧಿಕಾರಿ ತಿಂಗಳಿಗೊಮ್ಮೆ ಬಿಪಿ ನೋಡಿ ಗುಳಗಿ ಕೊಡುತ್ತಾರೆ. ಕ್ಯಾರಿಬ್ಯಾಗನ್ನು ಮೇಜಿನ ಮೇಲೆ ಸುರಿದು ಮೂರೂ ಚೀಟಿಗಳನ್ನು ಕೂಡಿಸಿ ನೋಡಲು ಅವರಿಗಿಂತ ಹತ್ತಿರದವರು ಇಲ್ಲ. ಅನುಮಾನ ಬಂದದ್ದನ್ನು ಪಟ್ಟಿ ಮಾಡಿ ಡಾಕ್ಟರಿಗೆ ಕಳಿಸುವ ಕೆಲಸವನ್ನೂ ಅವರಿಗೆ ವಹಿಸಬಹುದು. ಯಾವುದನ್ನು ನಿಲ್ಲಿಸಬೇಕೆಂದು ಡಾಕ್ಟರ್ ಹೇಳಲಿ. ನಿಲ್ಲಿಸಿದ ಮೇಲೆ ಬರುವ ಉರಿಗೆ ಆ ನಾಲ್ಕು ವಾರ ಏನು ಮಾಡಬೇಕೆಂದು ಮನೆಯ ಬಾಗಿಲಲ್ಲಿ ಹೇಳಲು ಒಬ್ಬರು ಬೇಕು.