ಹಾವಸೆಯ ಪಾಠ

ಹಾವಸೆ ಎಂದರೆ ನಮ್ಮ ಹೆಣ್ಣುಮಕ್ಕಳಿಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಬಚ್ಚಲ ಮೂಲೆಯಲ್ಲಿ ಕಂಡರೆ ತಿಕ್ಕುತ್ತೇವೆ, ನೀರಿನ ತೊಟ್ಟಿಯಲ್ಲಿ ಕಂಡರೆ ತೊಟ್ಟಿಯನ್ನೇ ಬರಿದು ಮಾಡುತ್ತೇವೆ. ದೇವದುರ್ಗದ ನನ್ನ ತವರಿನಲ್ಲಿ ಅವ್ವ ಬಾವಿಯ ಮೆಟ್ಟಿಲುಗಳನ್ನು ಇಟ್ಟಂಗಿ ಚೂರಿನಿಂದ ಉಜ್ಜಿಸುತ್ತಿದ್ದಳು. ಯಾರಾದರೂ ಜಾರಿ ಬಿದ್ದಾರೆಂಬ ಭಯ ಒಂದು. ಹಸಿರು ಕಂಡರೆ ಈ ಮನೆಯವರು ಮೈಗಳ್ಳರೆಂದು ಊರು ಆಡಿಕೊಂಡೀತೆಂಬ ಭಯ ಇನ್ನೊಂದು. ಎರಡನೆಯದೇ ದೊಡ್ಡದಿತ್ತು.

ರಾಯಚೂರಿನಲ್ಲಿರುವ ನನ್ನ ತಮ್ಮನ ಮಗ ಸಮುದ್ರದ ಮೀನು ಸಾಕಿದ್ದಾನೆ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ಬಿಸಿಲೂರಿಗೂ ಸಮುದ್ರಕ್ಕೂ ಎಲ್ಲಿಯ ನಂಟು? ಆದರೂ ಮೀನಿಗೆಂದೇ ಮಾರುವ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಮಿನಂತೆ ಬೆರೆಸಿ, ಗಾಜಿನ ತೊಟ್ಟಿಯಲ್ಲಿ ಒಂದು ಪುಟ್ಟ ಸಮುದ್ರ ಮಾಡಿದ್ದಾನೆ. ತೊಟ್ಟಿಯೇನೋ ಫಳಫಳ ಹೊಳೆಯುತ್ತದೆ. ಪಕ್ಕದ ಪೆಟ್ಟಿಗೆಯಲ್ಲಿ ಮಾತ್ರ ಒಂದು ಒರಟು ಜಾಲರಿ, ಅದರೆದುರು ದೀಪ, ಸದಾ ಹರಿಯುವ ನೀರು, ಜಾಲರಿಯ ತುಂಬ ದಟ್ಟ ಹಾವಸೆ. "ಇದನ್ನೊಂದು ಯಾಕ ತೊಳದಿಲ್ಲೋ?" ಎಂದೆ. "ಆ ನೀರು ತೊಳಿಯೂದ ಅದು, ಅತ್ತಿ" ಎಂದು ನಕ್ಕ.

ಮೀನಿನ ಮಲ, ಅದು ತಿಂದು ಬಿಟ್ಟ ಮೇವು ಕೊಳೆತು ಅಮೋನಿಯ ಆಗುತ್ತದೆ. ಅದು ಮೀನಿಗೆ ವಿಷ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಘೋರವಲ್ಲ, ಆದರೆ ದಿನದಿನಕ್ಕೆ ಕೂಡುತ್ತಾ ಹೋಗುತ್ತದೆ. ಹೊಲಕ್ಕೆ ಗೊಬ್ಬರವಿದ್ದಂತೆ ಅದು ಹಾವಸೆಗೆ ಆಹಾರ. ಬೆಳಕು ಸಿಕ್ಕರೆ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಹೀರಿ ಬೆಳೆಯುತ್ತದೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಎಂಬ ವಿಜ್ಞಾನಿ ಹವಳದ ದಿಬ್ಬಗಳನ್ನು ನೋಡಿ ಕಲಿತು, 1980ರ ಸುಮಾರಿಗೆ ಈ ಉಪಾಯಕ್ಕೆ ರೂಪ ಕೊಟ್ಟರು.

ಆದರೆ ಹಾವಸೆ ಕೊಳೆಯನ್ನು ಮಾಯ ಮಾಡುವುದಿಲ್ಲ, ತನ್ನ ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಆದ್ದರಿಂದ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಬೆಳೆ ಕೊಯ್ದಂತೆ ಅದನ್ನು ಕೆರೆದು ತೆಗೆಯಬೇಕು. ಮೊದಲು ಪ್ಲಗ್ ಕಿತ್ತಿಡಬೇಕು. ಉಪ್ಪುನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ವೈರು ಪ್ಲಗ್ಗಿಗಿಂತ ಕೆಳಗೆ ಜೋತಿರಬೇಕು. ಹನಿ ಜಾರಿದರೆ ನೆಲಕ್ಕೆ ಬೀಳಲಿ, ಪ್ಲಗ್ಗಿಗೆ ಹೋಗುವುದು ಬೇಡ. ಜಾಲರಿಯನ್ನು ಹೊರಗೆ ತಂದು ಕೆರೆಯಬೇಕು, ಸೋಪು ಸೋಕಿಸಬಾರದು, ಬುಡದಲ್ಲಿ ತೆಳುವಾಗಿ ಹಸಿರು ಉಳಿಸಬೇಕು. ಬೇಸಿಗೆಯಲ್ಲಿ ನೀರು ಆರಿದರೂ ಉಪ್ಪು ಆರುವುದಿಲ್ಲವಾದ್ದರಿಂದ ಕಡಿಮೆಯಾದಷ್ಟು ಸಿಹಿನೀರನ್ನೇ ಹಾಕಬೇಕು. ಕೆರೆಯದೆ ಬಿಟ್ಟರೆ ಮೇಲಿನ ಪದರು ಬುಡಕ್ಕೆ ಬೆಳಕು ಬಿಡುವುದಿಲ್ಲ. ಬುಡ ಕೊಳೆತು, ಕಳಚಿಕೊಂಡು, ಅಷ್ಟು ದಿನ ಉಂಡದ್ದನ್ನೆಲ್ಲ ನೀರಿಗೇ ಕಾರುತ್ತದೆ. ನೈಟ್ರೇಟ್ ಏರಿದರೆ ನಮ್ಮ ಹುಡುಗ ಮೊದಲು ಮೀನಿನ ಮೇವು ಕಡಿಮೆ ಮಾಡುತ್ತಾನೆ. ಹಾವಸೆಯ ಮೇಲೇ ಎಲ್ಲ ಭಾರ ಹೊರಿಸುವುದಿಲ್ಲ.

ಹಾಗಾದರೆ ಸೋಸುವುದನ್ನು ಸೋಸುವವರು ಯಾರು? ಇದು ಮೀನಿನ ತೊಟ್ಟಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. 2022ರ ಮೇ ತಿಂಗಳ ಕೊನೆಯಲ್ಲಿ ಇದೇ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರು ಕುಡಿದು ವಾಂತಿಭೇದಿಯಿಂದ ಜನ ಆಸ್ಪತ್ರೆ ಸೇರಿದರು, ಕೆಲವರು ಜೀವವನ್ನೇ ಕಳೆದುಕೊಂಡರು. ನೀರು ಸೋಸುವ ವ್ಯವಸ್ಥೆ ಊರಿಗೆ ಇರಲಿಲ್ಲವೆಂದಲ್ಲ, ಇತ್ತು. ಒಮ್ಮೆ ಕಟ್ಟಿಸಿಬಿಟ್ಟರೆ ನಮ್ಮ ಹೊಣೆ ಮುಗಿಯಿತೆಂದು ನಾವೆಲ್ಲ ನಂಬಿಬಿಡುತ್ತೇವೆ.

ಮನೆಗಳಲ್ಲಿಯೂ ಇದೇ ನಂಬಿಕೆ. ಮಾನ್ವಿಯಲ್ಲಿರುವ ನನ್ನ ಅಕ್ಕ ತುಂಬಿದ ಮನೆಯ ಹಿರಿಸೊಸೆ. ಮಾವನ ಸಿಟ್ಟು, ನಾದಿನಿಯರ ಮುನಿಸು, ಭಾವನ ಸಾಲದ ಚಿಂತೆ, ಎಲ್ಲವೂ ಬಂದು ಇಳಿಯುತ್ತಿದ್ದುದು ಅವಳ ಹತ್ತಿರ. "ಭೂಮಿತೂಕದಾಕಿ" ಎಂದು ಓಣಿಯೆಲ್ಲ ಹೊಗಳಿತು. ಅವಳ ಮೇಲಿನ ಭಾರವನ್ನು ಇಳಿಸಿಕೊಳ್ಳಲು ಮಾತ್ರ ಯಾರೂ ಬರಲಿಲ್ಲ. ಒಂದು ಹಬ್ಬದ ದಿನ ಹೋಳಿಗೆಯ ಹೂರಣ ರುಬ್ಬುತ್ತಿದ್ದವಳು ಅರ್ಧಕ್ಕೇ ಎದ್ದು ಹೋಗಿ ಮಲಗಿದಳು. ಮೂರು ತಿಂಗಳು ಯಾರೊಡನೆಯೂ ಮಾತಾಡಲಿಲ್ಲ. "ಇಷ್ಟು ದಿನ ಛಲೋನ ಇದ್ಲಲ್ಲ!" ಎಂದು ಮನೆಯವರಿಗೆಲ್ಲ ಆಶ್ಚರ್ಯ.

ಅಕ್ಕನನ್ನು ಹಾವಸೆಗೆ ಹೋಲಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಾವಸೆಗೆ ಕೊಳೆಯೇ ಅನ್ನ, ಉಂಡಷ್ಟೂ ಚಿಗುರುತ್ತದೆ. ಬೇರೆಯವರ ಸಿಟ್ಟು ಯಾವ ಹೆಣ್ಣಿಗೂ ಅನ್ನವಾಗುವುದಿಲ್ಲ. ನುಂಗಿದ್ದು ಹಾಗೆಯೇ ಒಳಗೆ ಉಳಿಯುತ್ತದೆ. ಹಾಗಿದ್ದೂ ಒಂದು ಜಾಲರಿಗೆ ವಾರವಾರ ಸಿಗುವ ಆರೈಕೆ ಅವಳಿಗೆ ಮೂವತ್ತು ವರ್ಷ ಸಿಗಲಿಲ್ಲ. ಸಹನೆ ಒಳ್ಳೆಯ ಗುಣವೇ? ತಾನಾಗಿ ಕೊಟ್ಟದ್ದಾದರೆ ಹೌದು. ಆದರೆ ಒಬ್ಬಳು ಸಹಿಸುತ್ತಾಳೆಂದು ಹತ್ತು ಮಂದಿ ತಮ್ಮ ಕೊಳೆಯನ್ನು ತಾವು ತೊಳೆದುಕೊಳ್ಳುವುದನ್ನೇ ಮರೆತರೆ, ಅವಳನ್ನು ಹೊಗಳುವುದೂ ಮೈಗಳ್ಳತನವೇ. ಬಾವಿಯ ಮೆಟ್ಟಿಲಿನ ಹಸಿರನ್ನು ನೋಡಿ ಆಡಿಕೊಳ್ಳುವ ಊರಿಗೆ ಈ ಮೈಗಳ್ಳತನ ಕಣ್ಣಿಗೆ ಬೀಳುವುದಿಲ್ಲ.

ಅಕ್ಕ ಈಗ ಚೇತರಿಸಿಕೊಂಡಿದ್ದಾಳೆ. ಮೊನ್ನೆ ಮಗ ಹೊರಗಿನ ಸಿಟ್ಟನ್ನೆಲ್ಲ ಹೊತ್ತು ತಂದು ಅವಳ ಮುಂದೆ ಸುರಿಯಲು ನಿಂತನಂತೆ. "ಮೊದ್ಲ ಕೈಕಾಲು ತೊಳ್ಕೊಂಡು ಬಾ, ಆಮ್ಯಾಲ ಮಾತಾಡು" ಎಂದಳಂತೆ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಅವನಿಗೆ ಹೇಳಬೇಕಾದದ್ದು ಅರ್ಧ ಮರೆತುಹೋಗಿತ್ತು.