ಅಳತೆ ತೆಗೆಯದ ಅಂಗಿ

ಆಗಸ್ಟ್ 15ರ ಕಾರ್ಯಕ್ರಮಕ್ಕೆ ತಮ್ಮನ ಮಗನಿಗೆ ಶಾಲೆಯಲ್ಲಿ ಒಂದು ಪಾತ್ರ ಸಿಕ್ಕಿತು. ನಾಲ್ಕು ಮಕ್ಕಳು ನಾಲ್ಕು ಧರ್ಮದವರಾಗಿ ಕೈಹಿಡಿದು ನಿಲ್ಲಬೇಕು. ಇವನು ‘ಮುಸ್ಲಿಮ್’. ಹಸಿರು ಶೇರವಾನಿ, ಜರಿ ಟೊಪ್ಪಿಗೆ, ಅಂಟಿಸುವ ಗಡ್ಡ ಎಂದು ಚೀಟಿಯಲ್ಲಿತ್ತು. ಬಾಡಿಗೆಗೆ ತರುವುದೇಕೆ, ಮನೆಯಲ್ಲೇ ಹೊಲಿಯೋಣವೆಂದು ನಾನು ಮಿಶಿನ್ನಿನ ಮುಂದೆ ಕೂತೆ. ಹುಡುಗ ಕೇಳಿದ: “ಫುಪ್ಪೂ, ನಾ ಮುಸ್ಲಿಮನ ಇದ್ದೇನಲ್ಲ, ಮತ್ತ ಮುಸ್ಲಿಮನ ವೇಷ ಯಾಕ ಹಾಕಬೇಕು?”

ಕತ್ತರಿ ಕೈಯಲ್ಲೇ ಉಳಿಯಿತು.

ಅವನ ಮುತ್ತಜ್ಜ ರಾಯಬಾಗದ ಕಡೆಯ ರೈತ. ಧೋತರ, ನೆಹರು ಶರ್ಟು, ತಲೆಗೆ ರುಮಾಲು. ಜುಮ್ಮಾ ನಮಾಜಿಗೂ ಅದೇ, ಒಗೆದದ್ದು ಅಷ್ಟೆ. ಚಿಕ್ಕೋಡಿ ಸಂತೆಯಲ್ಲಿ ಲಿಂಗಾಯತ, ಜೈನ ರೈತರ ನಡುವೆ ಅವರನ್ನು ಬೇರೆ ಮಾಡಿ ತೋರಿಸುವುದು ಸಾಧ್ಯವಿರಲಿಲ್ಲ. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದುಡಿದ ನಮ್ಮ ಹೆಂಗಸರ ಸೀರೆಗೂ ಪಕ್ಕದವಳ ಸೀರೆಗೂ ಹತ್ತಿದ ಧೂಳು ಒಂದೇ. ಶೇರವಾನಿ ನಮ್ಮ ಮನೆಯಲ್ಲಿ ಮದುಮಗನ ಮೈಮೇಲೆ ಒಂದು ದಿನ ಕಂಡದ್ದು.

ಹಾಗಾದರೆ ವೇಷ ಹಾಕುವುದೇ ತಪ್ಪೇ? ಹಾಗೆನಿಸುವುದಿಲ್ಲ. ಮೊಹರಮ್ಮಿನಲ್ಲಿ ನಮ್ಮ ಸೀಮೆಯ ಹಳ್ಳಿಗಳಲ್ಲಿ ಹರಕೆಯ ಮಕ್ಕಳು ಫಕೀರರಾಗುತ್ತಾರೆ. ಅವರಲ್ಲಿ ಹಿಂದೂ ಮನೆಯ ಮಕ್ಕಳೂ ಇರುತ್ತಾರೆ. ತಾಯಿ ಹಸಿರು ಅಂಗಿ ಹೊಲಿದು, ಕೊರಳಿಗೆ ಲಾಡಿ ಹಾಕಿ, ಮನೆಮನೆ ಬೇಡಿ ಬಾ ಎಂದು ಕಳುಹಿಸುತ್ತಾಳೆ. ಕ್ರಿ.ಶ. 680ರ ಕರ್ಬಲಾದ ದುಃಖಕ್ಕೂ ಈ ಹರಕೆಗೂ ಏನು ಸಂಬಂಧ ಎಂದು ನಮ್ಮ ಆಲಿಮರು ಕೇಳುತ್ತಾರೆ. ಆ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಇನ್ನೊಬ್ಬರ ಬಾಗಿಲಲ್ಲಿ ಕೈಯೊಡ್ಡಿ ನಿಂತ ಮಗು ತಾನು ಚಿಕ್ಕವನಾಗುವುದನ್ನು ಕಲಿಯುತ್ತದೆ. ಆ ವೇಷ ಯಾರನ್ನೂ ಬೊಟ್ಟು ಮಾಡಿ ತೋರಿಸುವುದಿಲ್ಲ. ಎಲ್ಲ ಕರ್ಮವೂ ನಿಯ್ಯತ್ತಿನ ಮೇಲೆ ನಿಂತಿದ್ದರೆ ವೇಷವೂ ಹಾಗೆಯೇ.

ಶಿಕ್ಷಕರ ನಿಯ್ಯತ್ತೂ ಒಳ್ಳೆಯದೇ, ಸೌಹಾರ್ದ ಅವರ ಉದ್ದೇಶ ಎನ್ನಬಹುದು. ಒಪ್ಪುತ್ತೇನೆ. ಆದರೆ ಕೈಕೈ ಹಿಡಿಯುವ ಮೊದಲು ಆ ನಾಲ್ವರನ್ನು ಬೇರೆ ಬೇರೆಯಾಗಿ ಕಾಣಿಸಬೇಕಾಯಿತಲ್ಲ! ದಿನಾ ಒಂದೇ ಬೆಂಚಿನಲ್ಲಿ ಡಬ್ಬಿ ಹಂಚಿಕೊಳ್ಳುವ ಮಕ್ಕಳವು. 2022ರಲ್ಲಿ ತಲೆಯ ಮೇಲಿನ ಒಂದು ಬಟ್ಟೆಗಾಗಿ ನಮ್ಮ ರಾಜ್ಯದ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತದ್ದನ್ನು ಕಂಡಿದ್ದೇವೆ. ಅವರು ತಾವಾಗಿ ಉಟ್ಟದ್ದು ಬೇಡವಾಯಿತು. ನಾವು ಉಡದೇ ಇದ್ದದ್ದನ್ನು ವೇದಿಕೆಗೆ ತೊಟ್ಟು ಬನ್ನಿ ಎನ್ನುತ್ತಾರೆ.

ತಪ್ಪು ಅವರೊಬ್ಬರದೇ ಅಲ್ಲ. ಧೋತರ ‘ಅವರದು’ ಎಂದು ಬಿಟ್ಟುಕೊಟ್ಟವರು ನಾವೇ. ದೂರದ ನಾಡಿನ ಉಡುಗೆಯೊಂದನ್ನು ತಂದು ಇದೇ ದೀನಿನ ಉಡುಗೆ ಎಂದು ಮಕ್ಕಳಿಗೆ ಹೇಳುವವರು ನಮ್ಮಲ್ಲೂ ಇದ್ದಾರೆ. ಕುರ್‌ಆನಿನ 7ನೇ ಅಧ್ಯಾಯ ಉಡುಪಿನ ಮಾತು ತೆಗೆದು, ತಖ್ವಾ ಎಂಬ ಉಡುಪಿಗೆ ಮೇಲಿನ ಸ್ಥಾನ ಕೊಡುತ್ತದೆ. ಅದನ್ನು ಬಾಡಿಗೆಗೆ ಕೊಡುವ ಅಂಗಡಿಯಿಲ್ಲ.

ಮನೆಯ ಹೊಲಿಗೆ ಟೇಪಿನಿಂದ ಶುರುವಾಗುತ್ತದೆ. ಎದುರಿಗಿರುವ ಈ ಮಗುವಿನ ಭುಜ ಎಷ್ಟು, ತೋಳು ಎಷ್ಟು ಎಂದು ಮೊದಲು ಕೇಳುತ್ತೇವೆ. ಒಂದು ಸಮಾಜಕ್ಕೆಲ್ಲ ಒಂದೇ ಅಂಗಿ ಹೊಲಿಯುವವರು ಈ ಕೆಲಸವನ್ನೇ ಮಾಡುವುದಿಲ್ಲ.

ಕೊನೆಗೆ ಮಾದರಪಾಟಿನಲ್ಲಿ ನೆಹರು ಶರ್ಟು ಹೊಲಿದೆ. ಮುತ್ತಜ್ಜನ ಹಳೆಯ ಧೋತರವನ್ನು ಕತ್ತರಿಸಿ ಚಿಕ್ಕದು ಮಾಡಿದೆ. “ಇದು ರೈತನ ವೇಷ ಆತಲ್ರೀ” ಎಂದರು ಶಿಕ್ಷಕಿ. “ಹೌದ್ರೀ, ಅವರ ಮುತ್ತಜ್ಜ ರೈತರೇ ಇದ್ದರು” ಎಂದೆ. ಟೊಪ್ಪಿಗೆಯಾದರೂ ಇರಲಿ ಎಂದರು. ಒಪ್ಪಿಕೊಂಡೆ, ನಮಾಜಿಗೆ ಅವನು ದಿನಾ ಹಾಕುವುದು ಅದನ್ನೇ. ಗಡ್ಡ ಮಾತ್ರ ಬೇಡವೆಂದೆ. ಅದು ಅವನಿಗೆ ಬರುವಾಗ ತಾನೇ ಬರಲಿ. ಇಟ್ಟುಕೊಳ್ಳುವುದೋ ಬಿಡುವುದೋ ಅವನೇ ತೀರ್ಮಾನಿಸಲಿ.